‘ಭೋಗಭೂಮಿ’ ಎಂಬ ಶಬ್ದವೂ ನಮ್ಮ ಹಳ್ಳಿಯ ವರ್ಣನೆಯೂ

ಬಸದಿಗಳ ಜೀರ್ಣೋದ್ಧಾರ, ಧಾಮಸಂಪ್ರೋಕ್ಷಣೆ, ಪಂಚಕಲ್ಯಾಣ ಮುಂತಾದ ಸಂದರ್ಭಗಳಲ್ಲಿ ಹೊರಡುವ ಸ್ಮರಣಸಂಚಿಕೆಗಳನ್ನು ಓದುವ ಅಭ್ಯಾಸವುಳ್ಳವರಿಗೆ ಒಂದು ವಾಕ್ಯದ ಪರಿಚಯ ಇದ್ದೇ ಇರುತ್ತದೆ. ಊರಿನ ಪೂರ್ವಚರಿತ್ರೆಯನ್ನು ಬರೆಯುವ ಲೇಖಕರು ಗದ್ದೆ, ತೋಟ, ಹೊಳೆ, ಹಟ್ಟಿ ತುಂಬಿದ ದನಕರು, ಅತಿಥಿಸತ್ಕಾರ ಇವನ್ನೆಲ್ಲ ವರ್ಣಿಸಿದ ಮೇಲೆ, ಅಂದಿನ ಹಳ್ಳಿಯ ಬಾಳು ಭೋಗಭೂಮಿಯ ಬಾಳೇ ಆಗಿತ್ತು ಎಂದು ಮುಗಿಸುತ್ತಾರೆ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಹಸುರನ್ನು ಕಂಡವರಿಗಂತೂ ಈ ಮಾತು ಸಹಜವಾಗಿಯೇ ನಾಲಗೆಗೆ ಬರುತ್ತದೆ. ವೇದಿಕೆಗಳ ಮೇಲೆ ಇದೇ ಶಬ್ದ ಇನ್ನೊಂದು ರೀತಿಯಲ್ಲಿಯೂ ಕೇಳಿಬರುತ್ತದೆ. ಪಾಶ್ಚಾತ್ಯ ದೇಶಗಳು ಭೋಗಭೂಮಿ, ಭಾರತವು ಯೋಗಭೂಮಿ ಎಂದು ಸಾರುವ ಭಾಷಣಗಳಲ್ಲಿ ಅದು ಬೈಗುಳವಾಗುತ್ತದೆ. ಒಂದೇ ಮೊತ್ತವನ್ನು ಒಂದೆಡೆ ಜಮೆಯಾಗಿಯೂ ಇನ್ನೊಂದೆಡೆ ಖರ್ಚಾಗಿಯೂ ಬರೆದ ಖಾತೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಶಬ್ದಗಳ ವಿಷಯದಲ್ಲಿ ಮಾತ್ರ ನಮಗೆ ಆ ಎಚ್ಚರ ಇಲ್ಲ.

ಈ ಎರಡು ಪ್ರಯೋಗಗಳಲ್ಲಿ ಎರಡನೆಯದು ನಮ್ಮ ಲೇಖನದ ವಿಷಯವಲ್ಲ. ಮೊದಲನೆಯದನ್ನು ಕುರಿತು, ಅಂದರೆ ಗ್ರಾಮಜೀವನದ ಸುಖಚಿತ್ರಕ್ಕೆ ಈ ಶಬ್ದವನ್ನು ಅಂಟಿಸುವ ರೂಢಿಯನ್ನು ಕುರಿತು ವಿಜ್ಞ ವಾಚಕರ ಮುಂದೆ ಕೆಲವು ವಿಚಾರಗಳನ್ನು ಇಡಬೇಕಾಗಿದೆ. ಇದು ನಮ್ಮ ಆಗಮದ ಪಾರಿಭಾಷಿಕ ಶಬ್ದ. ಅದನ್ನು ಹೊರಗಿನವರು ಸಡಿಲವಾಗಿ ಬಳಸಿದರೆ ಸಹಿಸಬಹುದು. ನಮ್ಮವರೇ ಬಸದಿಯ ಸಂಚಿಕೆಯಲ್ಲಿ ಹಾಗೆ ಬಳಸಿದಾಗ ಪ್ರಶ್ನಿಸದೆ ವಿಧಿಯಿಲ್ಲ.

ಭೋಗಭೂಮಿಯ ಲಕ್ಷಣವನ್ನು ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ವಿಸ್ತಾರವಾಗಿ ನಿರೂಪಿಸಿದರು. ಅದನ್ನು ಆಧರಿಸಿ ಪಂಪನು 941ರಲ್ಲಿ ಕನ್ನಡದಲ್ಲಿ ಆದಿಪುರಾಣವನ್ನು ರಚಿಸಿದನು. ಚಾವುಂಡರಾಯನು 978ರ ತನ್ನ ಗದ್ಯಪುರಾಣದಲ್ಲಿ ಆ ಕಥೆಯನ್ನು ಮತ್ತೆ ಹೇಳಿದನು. ಅವಸರ್ಪಿಣಿಯ ಆರು ಕಾಲಗಳಲ್ಲಿ ಮೊದಲಿನ ಮೂರು ಭರತಕ್ಷೇತ್ರದಲ್ಲಿ ಭೋಗಭೂಮಿಯ ಕಾಲಗಳು. ಅಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳಿವೆ. ಅನ್ನ ಬೇಕಾದರೆ ಭೋಜನಾಂಗ, ಬಟ್ಟೆ ಬೇಕಾದರೆ ವಸ್ತ್ರಾಂಗ, ಮನೆ ಬೇಕಾದರೆ ಗೃಹಾಂಗ, ಬೆಳಕಿಗೆ ಜ್ಯೋತಿರಂಗ ಮತ್ತು ದೀಪಾಂಗ, ಪಾತ್ರೆಗೆ ಭಾಜನಾಂಗ. ಜನರು ಜೋಡಿಯಾಗಿ ಹುಟ್ಟುತ್ತಾರೆ. ಮಕ್ಕಳ ಜೋಡಿ ಹುಟ್ಟಿದ ಕ್ಷಣದಲ್ಲಿ ತಂದೆ ಒಂದು ಸೀನಿನೊಡನೆ, ತಾಯಿ ಒಂದು ಆಕಳಿಕೆಯೊಡನೆ ದೇಹವನ್ನು ಬಿಡುತ್ತಾರೆ. ಉತ್ತಮ ಭೋಗಭೂಮಿಯಲ್ಲಿ ಮೂರು ದಿನಕ್ಕೊಮ್ಮೆ ಬೋರೆಹಣ್ಣಿನಷ್ಟು ಆಹಾರ ಸಾಕು. ಸಿಂಹವೂ ಅಲ್ಲಿ ಹುಲ್ಲು ಮೇಯುತ್ತದೆ.

ಇಷ್ಟನ್ನು ಓದಿದವರು ಸ್ವರ್ಗಕ್ಕಿಂತ ಇದೇ ಮೇಲೆಂದುಕೊಳ್ಳಬಹುದು. ಆದರೆ ಆಚಾರ್ಯರು ಅಲ್ಲಿ ಏನಿಲ್ಲ ಎಂಬುದನ್ನೂ ಹೇಳಿದ್ದಾರೆ. ಅಲ್ಲಿ ಕೃಷಿಯಿಲ್ಲ, ವಾಣಿಜ್ಯವಿಲ್ಲ, ಒಡೆಯನಿಲ್ಲ, ಸೇವಕನಿಲ್ಲ. ಅಲ್ಲಿ ವ್ರತವೂ ಇಲ್ಲ. ಭೋಗಭೂಮಿಯ ಮನುಷ್ಯನಿಗೆ ಸಮ್ಯಗ್ದರ್ಶನ ದೊರೆಯಬಹುದು. ನಾಲ್ಕನೆಯ ಗುಣಸ್ಥಾನವನ್ನು ದಾಟಲು ಅವನಿಗೆ ಸಾಧ್ಯವಿಲ್ಲ. ಅಣುವ್ರತವನ್ನು ಕೂಡ ಅವನು ತಾಳಲಾರನು. ಬಿಡಬೇಕಾದ ವಸ್ತುವನ್ನು ಅವನು ಗಳಿಸಿಯೇ ಇಲ್ಲ. ತ್ಯಾಗದ ಮಾತು ಎಲ್ಲಿಂದ ಬರಬೇಕು? ಮೋಕ್ಷದ ಬಾಗಿಲು ತೆರೆದಿರುವುದು ಕರ್ಮಭೂಮಿಯಲ್ಲಿ ಮಾತ್ರ.

ಭೋಗಭೂಮಿಯನ್ನು ಪಡೆಯುವ ದಾರಿಯೂ ಗಮನಾರ್ಹವಾಗಿದೆ. ವಜ್ರಜಂಘ ಶ್ರೀಮತಿಯರು ಶಯನಗೃಹದ ಧೂಪದ ಹೊಗೆಗೆ ಸಿಕ್ಕಿ ಮಡಿದು ಉತ್ತರಕುರುವಿನಲ್ಲಿ ದಂಪತಿಗಳಾಗಿ ಹುಟ್ಟಿದ ಕಥೆ ಪಂಪನನ್ನು ಓದಿದ ಯಾರಿಗೂ ಮರೆಯದು. ಅವರನ್ನು ಅಲ್ಲಿಗೆ ಕೊಂಡೊಯ್ದ ಪುಣ್ಯ ಯಾವುದು? ಮುನಿಗಳಿಗೆ ಕೊಟ್ಟ ಆಹಾರದಾನ. ಆ ಆಹಾರದ ಅಕ್ಕಿ ಯಾವ ಕಲ್ಪವೃಕ್ಷದಲ್ಲಿಯೂ ಬಿಟ್ಟದ್ದಲ್ಲ. ಯಾರೋ ಉತ್ತು, ಯಾರೋ ನಟ್ಟು, ಯಾರೋ ಕುಟ್ಟಿದ ಅಕ್ಕಿ ಅದು. ಭೋಗಭೂಮಿಯ ಬಂಡವಾಳವೆಲ್ಲ ಕರ್ಮಭೂಮಿಯಿಂದಲೇ ಹೂಡಲ್ಪಟ್ಟದ್ದು. (ಅಪಾತ್ರದಾನ ಮಾಡಿದವರಿಗೆ ಕುಭೋಗಭೂಮಿ ಎಂಬುದೊಂದು ಇದೆ. ಅಲ್ಲಿ ಕುದುರೆಮುಖದವರೂ ಇದ್ದಾರೆ, ಒಂಟಿಕಾಲಿನವರು ಗುಹೆಗಳಲ್ಲಿದ್ದು ಸಿಹಿಮಣ್ಣು ತಿಂದು ಬದುಕುತ್ತಾರೆ. ತಮ್ಮ ಊರನ್ನು ಅದಕ್ಕೆ ಹೋಲಿಸಿದ ಸ್ಮರಣಸಂಚಿಕೆಯನ್ನು ನಾನಿನ್ನೂ ನೋಡಿಲ್ಲ.)

ಈ ಭೋಗಭೂಮಿ ಮುಗಿದುಹೋದ ಬಗೆಯೇ ಪುರಾಣದ ಅತ್ಯಂತ ಸಾರವತ್ತಾದ ಭಾಗವೆಂದು ನನ್ನ ಅಭಿಪ್ರಾಯ. ಅದು ಒಮ್ಮೆಲೆ ಮುಗಿಯಲಿಲ್ಲ. ಮೂರನೆಯ ಕಾಲದ ಕೊನೆಯಲ್ಲಿ ಜ್ಯೋತಿರಂಗ ವೃಕ್ಷಗಳ ಬೆಳಕು ಮಂಕಾಗಿ ಸೂರ್ಯಚಂದ್ರರು ಕಣ್ಣಿಗೆ ಬಿದ್ದರು, ಜನ ಹೆದರಿದರು. ಮೊದಲನೆಯ ಕುಲಕರನಾದ ಪ್ರತಿಶ್ರುತಿಯು ಭಯಪಡಬೇಡಿರೆಂದು ಸಮಾಧಾನ ಹೇಳಿದನು. ಮೂರನೆಯ ಕುಲಕರ ಕ್ಷೇಮಂಕರನ ಕಾಲಕ್ಕೆ ಮೃಗಗಳು ಕ್ರೂರವಾಗತೊಡಗಿದವು. ಅವುಗಳಿಂದ ದೂರವಿರಿ ಎಂದು ಅವನು ಕಲಿಸಿದನು. ನಾಲ್ಕನೆಯವನಾದ ಕ್ಷೇಮಂಧರನ ಕಾಲಕ್ಕೆ ಕೈಗೆ ದೊಣ್ಣೆ ಬಂತು. ಐದನೆಯವನು ಸೀಮಂಕರ. ಕಲ್ಪವೃಕ್ಷಗಳು ವಿರಳವಾಗಿ ಜನ ಅವುಗಳಿಗಾಗಿ ಜಗಳವಾಡಿದಾಗ ಇದು ನಿನ್ನದು, ಅದು ಅವನದು ಎಂದು ಬಾಯಿಮಾತಿನಿಂದ ಗಡಿ ಹಾಕಿದನು. ಬಾಯಿಮಾತು ಸಾಲದೆ ಹೋದಾಗ ಆರನೆಯವನಾದ ಸೀಮಂಧರನು ಗಿಡಪೊದೆಗಳ ಗುರುತಿಟ್ಟು ಗಡಿಯನ್ನು ಭದ್ರಪಡಿಸಿದನು.

ಇಲ್ಲಿ ಓದುಗರು ಒಂದು ನಿಮಿಷ ನಿಲ್ಲಬೇಕು. ನೇಗಿಲು ಹುಟ್ಟುವ ಮೊದಲೇ ಗಡಿತಕರಾರು ಹುಟ್ಟಿತು! ಪುತ್ತೂರು ಸುಳ್ಯಗಳ ಕೋರ್ಟುಗಳಲ್ಲಿ ಕುಮ್ಕಿ, ಕಾನ, ಬಾಣೆ, ಅಗಳು, ದಾರಿಯ ಹಕ್ಕು ಎಂದು ತಲೆಮಾರುಗಟ್ಟಲೆ ನಡೆದ ವ್ಯಾಜ್ಯಗಳನ್ನು ಬಲ್ಲ ನಮಗೆ ಆಚಾರ್ಯರ ಈ ಕ್ರಮನಿರೂಪಣೆಯಲ್ಲಿ ಎಷ್ಟು ಲೋಕಾನುಭವವಿದೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹದಿನಾಲ್ಕನೆಯ ಕುಲಕರ ನಾಭಿರಾಜನ ಕಾಲಕ್ಕೆ ಕಲ್ಪವೃಕ್ಷಗಳು ಪೂರ್ಣವಾಗಿ ಅಡಗಿ ಜನ ಹಸಿವಿನಿಂದ ಬಳಲಿದರು. ಆಗ ಆದಿನಾಥರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಬೋಧಿಸಿದರು. ಕರ್ಮಭೂಮಿ ಅಲ್ಲಿಂದ ಆರಂಭ. ಆದುದರಿಂದ ಒಂದು ವಿಷಯ ನಿಸ್ಸಂದೇಹವಾಗಿದೆ. ಎಲ್ಲಿ ನೇಗಿಲಿದೆಯೋ ಅಲ್ಲಿ ಭೋಗಭೂಮಿಯಿಲ್ಲ. ಉತ್ತ ಗದ್ದೆಯನ್ನು ತೋರಿಸಿ ಇದು ಭೋಗಭೂಮಿ ಎನ್ನುವುದು ಶಾಸ್ತ್ರದ ದೃಷ್ಟಿಯಿಂದ ವದತೋವ್ಯಾಘಾತ.

ಇದು ಬರಿಯ ಪಂಡಿತರ ಕೊಂಕೆಂದು ಕೆಲವರಿಗೆ ತೋರಬಹುದು. ಹಾಗಲ್ಲವೆಂದು ಕಾಣಲು ‘ಭೋಗ’ ಎಂಬ ಶಬ್ದದ ಇನ್ನೊಂದು ಮನೆತನವನ್ನು, ಪುರಾಣದಿಂದ ಹೊರಗೆ ಶಾಸನಗಳಲ್ಲಿಯೂ ಭೂದಾಖಲೆಗಳಲ್ಲಿಯೂ ಬೆಳೆದ ಅರ್ಥವನ್ನು, ನೋಡಬೇಕು. ಧಾತು ಒಂದೇ: ಭುಜ್. ಭೋಜನ, ಭುಕ್ತಿ, ಭೋಗ ಎಲ್ಲವೂ ಅದರಿಂದಲೇ. ಪಾಣಿನಿಯ ಒಂದು ಸೂತ್ರದಂತೆ ಈ ಧಾತುವಿಗೆ ಉಣ್ಣುವ, ಅನುಭವಿಸುವ ಅರ್ಥವಿದ್ದರೆ ಆತ್ಮನೇಪದ; ಪಾಲಿಸುವ ಅರ್ಥವಿದ್ದರೆ ಪರಸ್ಮೈಪದ. ತನಗಾಗಿ ಉಣ್ಣುವುದೂ ಪರರನ್ನು ಕಾಯುವುದೂ ಒಂದೇ ಧಾತುವಿನಲ್ಲಿ ಅಡಗಿವೆ. ಅರಸನಿಗೆ ಭೂಭುಜನೆಂಬ ಹೆಸರು ಬಂದುದರಲ್ಲಿ ಎರಡೂ ಅರ್ಥಗಳು ಸೇರಿಕೊಂಡಿವೆ. ಯಾವ ಅರಸನಲ್ಲಿ ಯಾವುದು ಹೆಚ್ಚಾಗಿತ್ತೆಂಬುದನ್ನು ಅವನ ಪ್ರಜೆಗಳೇ ಹೇಳಬೇಕಾಗಿತ್ತು.

ಕರ್ನಾಟಕದ ದಾನಶಾಸನಗಳಲ್ಲಿ ಭೂಮಿಯನ್ನು ಕೊಡುವಾಗ ‘ಅಷ್ಟಭೋಗ ತೇಜಸ್ವಾಮ್ಯ’ ಸಹಿತ ಎಂದು ಬರೆಯುವುದು ವಾಡಿಕೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯ ಇವೇ ಆ ಎಂಟು ಭೋಗಗಳು. ನೆಲದೊಳಗಿನ ಹಣ, ಇಟ್ಟ ಗಂಟು, ನೀರು, ಕಲ್ಲು, ಈಗ ನಡೆಯುತ್ತಿರುವ ಉತ್ಪತ್ತಿ, ಮುಂದೆ ಬರಬಹುದಾದುದು, ಸಾಗುವಳಿಯಾಗಿರುವುದು, ಸಾಗುವಳಿಯಾಗಬಹುದಾದುದು ಎಲ್ಲವೂ ದಾನಿಯ ಕೈಯಿಂದ ಪ್ರತಿಗ್ರಹೀತನ ಕೈಗೆ ಹೋಗುತ್ತವೆ. ಈ ಪಟ್ಟಿಯನ್ನು ವ್ಯಾಪಾರಿಯ ಕಣ್ಣಿನಿಂದ ಓದಿದರೆ ಇದರಷ್ಟು ಪೂರ್ಣವಾದ ಆಸ್ತಿಪಟ್ಟಿ ಇನ್ನೊಂದಿಲ್ಲ. ಉಳುವವನು ಮಾತ್ರ ಇದರಲ್ಲಿ ಎಲ್ಲಿಯೂ ಇಲ್ಲ. ‘ಸಿದ್ಧ’ ಎಂಬ ಒಂದು ಶಬ್ದದೊಳಗೆ ಅವನ ಬೆವರು ಮುಗಿದುಹೋಗಿದೆ; ‘ಸಾಧ್ಯ’ ಎಂಬುದರೊಳಗೆ ಅವನ ಮಕ್ಕಳ ಬೆವರು ಮುಂಗಡವಾಗಿ ಸಂದಾಯವಾಗಿದೆ. ಇಂದಿಗೂ ಕನ್ನಡದಲ್ಲಿ ಸಾಲಕ್ಕಾಗಿ ಮನೆಯನ್ನೋ ಭೂಮಿಯನ್ನೋ ಅನುಭೋಗಕ್ಕೆ ಬಿಟ್ಟುಕೊಡುವುದಕ್ಕೆ ‘ಭೋಗ್ಯ’ವೆಂದೇ ಹೆಸರು. ದಾಖಲೆಯ ಭಾಷೆಯಲ್ಲಿ ಭೋಗವೆಂದರೆ ಒಬ್ಬನು ದುಡಿದ ಫಲವನ್ನು ಇನ್ನೊಬ್ಬನು ನ್ಯಾಯಬದ್ಧವಾಗಿ ಅನುಭವಿಸುವ ಹಕ್ಕು.

ಈಗ ಸ್ಮರಣಸಂಚಿಕೆಯ ಆ ವಾಕ್ಯವನ್ನು ಮತ್ತೊಮ್ಮೆ ಓದೋಣ. ಅಂದಿನ ಬಾಳು ಭೋಗಭೂಮಿಯ ಬಾಳಾಗಿತ್ತು. ಪುರಾಣದ ಅರ್ಥದಲ್ಲಿ ಅದು ಸುಳ್ಳು. ದಾಖಲೆಯ ಅರ್ಥದಲ್ಲಿ, ಲೇಖಕರು ಉದ್ದೇಶಿಸದ ರೀತಿಯಲ್ಲಿ, ಅದು ನಿಜ. ನಮ್ಮ ಜಿಲ್ಲೆಯಲ್ಲಿ ಬೀಡು, ಗುತ್ತು, ಬಸದಿ, ದೇವಸ್ಥಾನಗಳ ಭೂಮಿಯನ್ನು ಬಹುಮಟ್ಟಿಗೆ ಒಕ್ಕಲುಗಳೇ ಗೇಣಿಗೆ ಮಾಡುತ್ತಿದ್ದರು. ಮೂಲಗೇಣಿಯವನಿಗೆ ಸ್ಥಿರವಾದ ಹಕ್ಕಿತ್ತು. ಚಾಲಗೇಣಿಯವನು ಧಣಿಯ ಮರ್ಜಿಗೆ ಒಳಪಟ್ಟವನು. ಬೈಲು ಗದ್ದೆಗೆ ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ಮಜಲಿಗೆ ಎರಡು, ಬೆಟ್ಟುಗದ್ದೆಗೆ ಮಳೆಯನ್ನೇ ನಂಬಿದ ಒಂದು. ಬೈಲಿರಲಿ ಬೆಟ್ಟಿರಲಿ, ಗೇಣಿಯ ಅಕ್ಕಿಯನ್ನು ಮುಡಿ ಕಟ್ಟಿ ಅಂಗಳಕ್ಕೆ ತಂದು ಇಳಿಸುವುದು ತಪ್ಪುತ್ತಿರಲಿಲ್ಲ. ಆ ಅಂಗಳದ ಜಗಲಿಯಲ್ಲಿ ಕುಳಿತು ನೋಡಿದವರಿಗೆ ಹಳ್ಳಿಯು ಭೋಗಭೂಮಿಯಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಅವರ ಪಾಲಿಗೆ ಭೋಜನಾಂಗ ವೃಕ್ಷವು ಮುಡಿಯನ್ನು ಹೆಗಲ ಮೇಲೆ ಹೊತ್ತು ಎರಡು ಕಾಲಿನಲ್ಲಿ ನಡೆದುಬರುತ್ತಿತ್ತು.

1974ರ ಮಾರ್ಚ್ 1ರಂದು ತಿದ್ದುಪಡಿಗೊಂಡ ಭೂಸುಧಾರಣಾ ಕಾನೂನು ಜಾರಿಗೆ ಬಂದಾಗ ಈ ವ್ಯವಸ್ಥೆ ಮುಗಿಯಿತು. ದೇವರಾಜ ಅರಸರ ಸರಕಾರದ ಈ ಕಾನೂನು ನಮ್ಮ ಜಿಲ್ಲೆಯಲ್ಲಿ ಉಳಿದೆಡೆಗಳಿಗಿಂತ ಗಂಭೀರವಾಗಿ ಅನುಷ್ಠಾನಗೊಂಡಿತು. ಒಕ್ಕಲುಗಳು ‘ಡಿಕ್ಲರೇಶನ್’ ಕೊಟ್ಟರು. ಧಣಿಗಳ ಭೂಮಿ ಹೋಯಿತು. ಬಸದಿ ದೇವಸ್ಥಾನಗಳ ಗೇಣಿಭೂಮಿಯೂ ಹೋಗಿ ಪ್ರತಿಯಾಗಿ ವರ್ಷಾಶನದ ಅಲ್ಪ ಮೊತ್ತ ಉಳಿಯಿತು. ನಿತ್ಯಪೂಜೆಗೆ ಕಷ್ಟವಾದ ಬಸದಿಗಳಿವೆ. ಆ ಸಂಕಟವನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ಭೋಗಭೂಮಿ ಎಂಬ ಸ್ತುತಿಯು ನಮ್ಮ ಸಂಚಿಕೆಗಳಲ್ಲಿ ಯಾವ ಕಾಲದ ಹಳ್ಳಿಗೆ ಮೀಸಲಾಗಿದೆ ಎಂಬುದನ್ನು ಗಮನಿಸಬೇಕು. ಭೂಮಿ ಹೋದ ಮೇಲಿನ ಹಳ್ಳಿಗೆ ಅದು ಸಲ್ಲುವುದಿಲ್ಲ. ಅದಕ್ಕೆ ಮೊದಲಿನ ಹಳ್ಳಿಗೆ ಮಾತ್ರ. ಆಗ ಆ ಶಬ್ದವು ವರ್ಣನೆಯ ವೇಷದಲ್ಲಿರುವ ದೂರಾಗುತ್ತದೆ. ಅಂದು ಡಿಕ್ಲರೇಶನ್ ಕೊಟ್ಟವರ ಮಕ್ಕಳು ಇಂದು ಅದೇ ಬಸದಿಯ ಜೀರ್ಣೋದ್ಧಾರಕ್ಕೆ ಹೊರೆಕಾಣಿಕೆ ತರುತ್ತಾರೆ, ಆ ಸಂಚಿಕೆಯನ್ನು ಮನೆಗೆ ಕೊಂಡುಹೋಗಿ ಓದುತ್ತಾರೆ.

ಹಳ್ಳಿಯನ್ನು ಕುರಿತ ಉಳಿದ ಶಬ್ದಗಳ ಗತಿಯೂ ಇದಕ್ಕಿಂತ ಉತ್ತಮವಾಗಿಲ್ಲ. ‘ಗ್ರಾಮ’ವೆಂಬುದು ವೇದಕಾಲದಲ್ಲಿ ಜನಸಮೂಹವನ್ನು ಹೇಳುತ್ತಿದ್ದ ಶಬ್ದ, ಅದರಿಂದ ಹುಟ್ಟಿದ ‘ಗ್ರಾಮ್ಯ’ವನ್ನು ಆಲಂಕಾರಿಕರು ಕಾವ್ಯದೋಷದ ಪಟ್ಟಿಗೆ ಸೇರಿಸಿದರು. ಆಸ್ಥಾನದ ಕವಿಗೆ ಹಳ್ಳಿಯವನ ಮಾತು ದೋಷ, ಹಳ್ಳಿಯ ನೋಟ ವರ್ಣನೆಯ ವಸ್ತು. ಇನ್ನು ‘ಹಳ್ಳಿ’ ಎಂದೊಡನೆ ಕಣ್ಣಮುಂದೆ ಬರುವ ಬೀದಿ, ಸಾಲುಮನೆ, ಅರಳಿಕಟ್ಟೆಯ ಚಿತ್ರವು ಘಟ್ಟದ ಮೇಲಿನದು. ನಮ್ಮಲ್ಲಿ ಒಂದೊಂದು ಮನೆ ಒಂದೊಂದು ಗುಡ್ಡದ ಬುಡದಲ್ಲಿ, ತನ್ನ ತನ್ನ ತೋಟದ ನಡುವೆ. ನೆರೆಮನೆಯವನನ್ನು ಕರೆಯಲು ಕೂ ಹಾಕಬೇಕು. ಎರವಲು ಚಿತ್ರವನ್ನು ಪಠ್ಯಪುಸ್ತಕಗಳಿಂದ ಕಲಿತು ನಮ್ಮದೆಂದು ನೆನಪಿಸಿಕೊಳ್ಳುತ್ತಿದ್ದೇವೆ.

ಈ ದೋಷ ನಮ್ಮೊಬ್ಬರದೇ ಅಲ್ಲವೆಂಬುದಕ್ಕೆ ಯುರೋಪಿನ ಉದಾಹರಣೆಯನ್ನು ಕೊಡಬಹುದು. ಇಂಗ್ಲಿಷಿನಲ್ಲಿ ಗ್ರಾಮಜೀವನದ ನಿರಾತಂಕ ಸುಖಕ್ಕೆ ‘ಆರ್ಕೇಡಿಯನ್’ ಎಂಬ ವಿಶೇಷಣವಿದೆ. ಆರ್ಕೇಡಿಯವು ಗ್ರೀಸಿನ ದಕ್ಷಿಣದ ಪರ್ಯಾಯದ್ವೀಪದ ನಡುವಣ ಒಂದು ಗುಡ್ಡಗಾಡು. ಅಲ್ಲಿಯೇ ಹುಟ್ಟಿದ ಇತಿಹಾಸಕಾರ ಪಾಲಿಬಿಯಸನು ತನ್ನ ನಾಡಿನ ಚಳಿಯನ್ನೂ ಬಾಳಿನ ಕಾಠಿಣ್ಯವನ್ನೂ ಬಣ್ಣಿಸಿ, ಆ ಒರಟುತನವನ್ನು ಮೃದುಗೊಳಿಸಲೆಂದೇ ಹಿರಿಯರು ಎಳೆಯರಿಗೆ ಸಂಗೀತವನ್ನು ಕಡ್ಡಾಯಮಾಡಿದರು ಎಂದು ಹೇಳಿದ್ದಾನೆ. ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ರೋಮಿನ ಕವಿ ವರ್ಜಿಲನು ತನ್ನ ಗೋವಳರ ಕಾವ್ಯಗಳಲ್ಲಿ ಆ ಹೆಸರನ್ನು ತಂದನು. ಮುಂದಿನವರು ಸಂಗೀತವನ್ನು ಉಳಿಸಿಕೊಂಡು ಚಳಿಯನ್ನು ಕೈಬಿಟ್ಟರು. ವರ್ಜಿಲನು ಮಾತ್ರ ಅಷ್ಟು ಸರಳನಲ್ಲ. ಅವನ ಆ ಸಂಕಲನದ ಮೊದಲನೆಯ ಕವಿತೆಯಲ್ಲಿಯೇ ಒಬ್ಬ ರೈತನು ತನ್ನ ಭೂಮಿಯನ್ನು ಸೈನಿಕರಿಗೆ ಬಿಟ್ಟುಕೊಟ್ಟು ಆಡುಗಳನ್ನು ಅಟ್ಟಿಕೊಂಡು ಊರು ಬಿಡುತ್ತಿದ್ದಾನೆ. ಓದುಗರು ಮರದ ನೆರಳಿನಲ್ಲಿ ಕೊಳಲೂದುತ್ತಿದ್ದ ಇನ್ನೊಬ್ಬನನ್ನು ಮಾತ್ರ ನೆನಪಿಟ್ಟುಕೊಂಡರು.

ನಮ್ಮ ನಾಡಿನ ಕೃತಿಯೊಂದಕ್ಕೂ ಇದೇ ಅನ್ಯಾಯವಾಗಿದೆ. ಪುತ್ತೂರಿನ ಬಾಲವನದಲ್ಲಿ ದೀರ್ಘಕಾಲ ನೆಲಸಿದ್ದ ಡಾ. ಶಿವರಾಮ ಕಾರಂತರು 1943ರಲ್ಲಿ ಪ್ರಕಟಿಸಿದ ‘ಬೆಟ್ಟದ ಜೀವ’ ಕಾದಂಬರಿಯ ಹಿನ್ನೆಲೆ ಸುಬ್ರಹ್ಮಣ್ಯದ ಆಸುಪಾಸಿನ ಕಾಡು, ಕುಮಾರಪರ್ವತದ ತಪ್ಪಲು. ಈಗಿನ ಲೆಕ್ಕದಲ್ಲಿ ಕಡಬ, ಸುಳ್ಯ ತಾಲೂಕುಗಳ ಸೀಮೆ. ದಾರಿತಪ್ಪಿದ ಪಯಣಿಗನೊಬ್ಬನು ಗೋಪಾಲಯ್ಯನೆಂಬ ವೃದ್ಧರ ಮನೆಗೆ ಬಂದು ಕೆಲವು ದಿನ ಉಳಿದು ಹೋಗುವುದು ಅದರ ಕಥೆ. ಈ ಕೃತಿಯನ್ನು ಮಲೆನಾಡಿನ ಸುಖಜೀವನದ ಚಿತ್ರವೆಂದು, ಪ್ರಕೃತಿಯ ಮಡಿಲಿನ ನೆಮ್ಮದಿಯೆಂದು ಹೊಗಳುವವರೇ ಹೆಚ್ಚು. ನನಗೆ ಅದು ಒಪ್ಪಿಗೆಯಾಗದು.

ಗೋಪಾಲಯ್ಯನವರು ಪ್ರಕೃತಿಯ ಮಡಿಲಿನಲ್ಲಿ ಒರಗಿದವರಲ್ಲ, ಅದರೊಡನೆ ಹೋರಾಡಿದವರು. ಕಾಡು ಕಡಿದು ಅಡಿಕೆತೋಟ ಮಾಡಿದವರು. ಅದು ಸಾಲದೆಂದು ಮುದಿವಯಸ್ಸಿನಲ್ಲಿಯೂ ಕಟ್ಟದ ಮೂಲೆಯಲ್ಲಿ ನಾರಾಯಣನೆಂಬ ಪರರ ಮಗನನ್ನು ನೆಲೆಗೊಳಿಸಿ ಹೊಸ ತೋಟ ಎಬ್ಬಿಸಿದವರು. ಆನೆ, ಹುಲಿಗಳ ಭಯ ಅಲ್ಲಿ ದಿನನಿತ್ಯದ್ದು. ಮನೆಯ ಸ್ವಂತ ಮಗನಾದರೋ ಬಿಟ್ಟುಹೋದವನು ತಿರುಗಿ ಬಂದಿಲ್ಲ; ಬಂದ ಅತಿಥಿಗೆ ಆ ವೃದ್ಧದಂಪತಿಗಳು ತೋರುವ ಅಪಾರ ಅಕ್ಕರೆಯ ತಳದಲ್ಲಿ ಆ ಗಾಯವಿದೆ. ಅದನ್ನು ಕಾಣದೆ ಅವರ ಆತಿಥ್ಯವನ್ನು ಮಾತ್ರ ಸವಿಯುವ ವಿಮರ್ಶಕನು ಉಂಡು ಕೈತೊಳೆದು ಹೊರಟ ನೆಂಟನಿದ್ದಂತೆ. ಪಯಣಿಗನನ್ನು ಕತ್ತಲಲ್ಲಿ ಆ ಮನೆಗೆ ಮುಟ್ಟಿಸುವವರು ದೇರಣ್ಣ, ಬಟ್ಯ ಎಂಬ ದುಡಿಯುವ ಜನ ಎಂಬುದನ್ನೂ ಅವನು ಮರೆತಿರುತ್ತಾನೆ. ಕಾರಂತರು ಬರೆದುದು ಕರ್ಮಭೂಮಿಯ ಕಾದಂಬರಿ. ಷಟ್ಕರ್ಮಗಳಲ್ಲಿ ಮೂರನೆಯದಾದ ಕೃಷಿಯು ಮನುಷ್ಯನಿಂದ ಏನನ್ನು ಕೇಳುತ್ತದೆ, ಏನನ್ನು ಕೊಡುತ್ತದೆ, ಏನನ್ನು ಕಸಿದುಕೊಳ್ಳುತ್ತದೆ ಎಂಬ ಲೆಕ್ಕ ಅದರಲ್ಲಿದೆ.

ಈ ಕಾದಂಬರಿಯನ್ನು ಪಿ. ಶೇಷಾದ್ರಿಯವರು ಚಲನಚಿತ್ರವಾಗಿಸಿದರು. ಅದಕ್ಕೆ 2010ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಬಂದುದು ಪರಿಸರ ಸಂರಕ್ಷಣೆಯ ವಿಭಾಗದಲ್ಲಿ. ಚಿತ್ರದ ಯೋಗ್ಯತೆಯನ್ನು ಕುರಿತು ನನ್ನ ತಕರಾರಿಲ್ಲ. ಆದರೆ ಕಾಡನ್ನು ಕಡಿದು ತೋಟ ಮಾಡುವುದೇ ಬಾಳಿನ ಸಾರ್ಥಕ್ಯವೆಂದು ನಂಬಿದ ವೃದ್ಧನ ಕಥೆಗೆ ಪರಿಸರ ಸಂರಕ್ಷಣೆಯ ಹಣೆಪಟ್ಟಿ ಅಂಟಿಕೊಂಡುದನ್ನು ನೋಡಿದಾಗ, ಹಸುರು ಕಂಡೊಡನೆ ಕೊಡಲಿಯನ್ನು ಮರೆಯುವ ನಮ್ಮ ಸ್ವಭಾವ ಎಷ್ಟು ಬಲವಾದುದೆಂದು ತಿಳಿಯುತ್ತದೆ.

ಹತ್ತು ವರ್ಷ ಮೊದಲು, 1933ರಲ್ಲಿ, ಅದೇ ಲೇಖಕರ ‘ಚೋಮನ ದುಡಿ’ ಬಂದಿತ್ತು. ಚೋಮನಿಗೆ ಎತ್ತುಗಳಿವೆ, ಬಲವಿದೆ, ಬಯಕೆಯಿದೆ. ಸ್ವಂತಕ್ಕೆ ಉಳಲು ಅಂಗೈಯಗಲ ಭೂಮಿ ಸಿಗುವುದಿಲ್ಲ, ಏಕೆಂದರೆ ಅವನು ಹೊಲೆಯ. ಸಾಲ ತೀರಿಸಲು ಅವನ ಮಕ್ಕಳು ಘಟ್ಟದ ಕಾಫಿತೋಟಕ್ಕೆ ಹೋಗಬೇಕಾಗುತ್ತದೆ. ಆದಿನಾಥರು ಹಸಿದ ಪ್ರಜೆಗಳಿಗೆ ಕೃಷಿಯನ್ನು ಬೋಧಿಸಿದರೆಂದು ಹೆಮ್ಮೆಯಿಂದ ಹೇಳುವ ನಾವು, ಅದೇ ಕೃಷಿಯನ್ನು ಬೇಡಿದವನಿಗೆ ಈ ನೆಲದಲ್ಲಿ ದೊರೆತ ಉತ್ತರವೇನೆಂದು ಓದಲೇಬೇಕು. ಜಿನಸೇನರ ಗ್ರಂಥದಲ್ಲಿಯೂ ವರ್ಣವಿಭಾಗದ ಮಾತಿದೆ, ಮುಟ್ಟುವವರು ಮುಟ್ಟದವರೆಂಬ ಭೇದವೂ ಇದೆ. ಅದನ್ನು ಮರೆಮಾಡಿ ಷಟ್ಕರ್ಮವನ್ನಷ್ಟೇ ಎತ್ತಿಹಿಡಿಯುವುದು ಪ್ರಾಮಾಣಿಕವಾಗ‌ದು. ಗೋಪಾಲಯ್ಯನವರ ತೋಟವನ್ನೂ ಚೋಮನ ದುಡಿಯನ್ನೂ ಜೊತೆಯಾಗಿ ಇಟ್ಟು ಓದಿದವನ ಲೇಖನಿಯಿಂದ ‘ಭೋಗಭೂಮಿ’ ಎಂಬ ಶಬ್ದ ಸುಲಭವಾಗಿ ಹೊರಡದು.

ಹಿಂದಿನ ಮಾತಾಯಿತು. ಇಂದು ಈ ಮೂರು ತಾಲೂಕುಗಳಲ್ಲಿ ಗದ್ದೆಗಳ ಬಹುಭಾಗ ಅಡಿಕೆತೋಟವಾಗಿದೆ. ಗುಡ್ಡದ ಮೇಲಿನಿಂದ ನೋಡುವ ಪ್ರವಾಸಿಗೆ ಅದೊಂದು ಹಸುರು ಸಮುದ್ರ. ಹೋಂಸ್ಟೇಗಳ ಜಾಹೀರಾತುಗಳಲ್ಲಿ ಅದೇ ಸ್ವರ್ಗ. ಕೊಳೆರೋಗದ ಹೆಸರನ್ನು ಆ ಜಾಹೀರಾತುಗಳು ಹೇಳುವುದಿಲ್ಲ. ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ ನಲುವತ್ತು ನಲುವತ್ತೈದು ದಿನಗಳಿಗೊಮ್ಮೆ, ನೂರು ಲೀಟರು ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣದ ಪ್ರಮಾಣದಲ್ಲಿ ಬೋರ್ಡೋ ದ್ರಾವಣ ಮಾಡಿ ಪ್ರತಿಯೊಂದು ಗೊನೆಗೂ ಸಿಂಪಡಿಸಬೇಕು. ಪಾಚಿಗಟ್ಟಿ ಜಾರುವ ಮರವನ್ನು ಕಾಲಿಗೆ ತಳೆ ಹಾಕಿ ಏರಿ, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುವವನ ಕಣ್ಣಿಗೆ ಈ ಹಸುರು ಹೇಗೆ ಕಾಣುತ್ತದೆಂದು ಯಾರೂ ಕೇಳಿದ್ದಿಲ್ಲ. ಸುಳ್ಯದ ಸಂಪಾಜೆ, ಅರಂತೋಡು ಕಡೆಗಳಲ್ಲಿ ಹಳದಿ ಎಲೆರೋಗದಿಂದ ತೋಟಗಳೇ ನಿರ್ನಾಮವಾಗಿವೆ, ಅದಕ್ಕೆ ಔಷಧಿಯಿಲ್ಲ. ಕುಯ್ದ ಅಡಿಕೆ ಒಣಗಿ, ಸುಲಿದು, ಪಟೋರ, ಕೋಕ, ಕರಿಗೋಟು ಎಂದು ಬೇರ್ಪಟ್ಟು ನನ್ನಂಥವರ ತಕ್ಕಡಿಗೆ ಬಂದಾಗ ಅದರ ಬೆಲೆಯನ್ನು ನಿರ್ಣಯಿಸುವವರು ಉತ್ತರದೇಶದ ಖರೀದಿದಾರರು. ಆ ಬೆಲೆಯ ಕುಸಿತದಿಂದ ಬೆಳೆಗಾರರನ್ನು ಕಾಯಲೆಂದೇ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಅಡಿಕೆ ಕೊನೆಗೆ ಯಾರ ಬಾಯಲ್ಲಿ ಏನಾಗುತ್ತದೆಂಬ ಪ್ರಶ್ನೆಯೂ ಇದೆ. ಅದನ್ನೇ ಮಾರಿ ಬದುಕುವವನು ಆ ವಿಷಯದಲ್ಲಿ ಉಪದೇಶ ಮಾಡುವುದು ಶೋಭಿಸದು.

ಕ್ಷೇಮಂಕರನ ಕಾಲದ ಮಾತನ್ನು ಮೇಲೆ ಹೇಳಿದೆ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತಿನಲ್ಲಿ ಕಾಡಾನೆಯ ದಾಳಿಗೆ ಇಬ್ಬರು ಪ್ರಾಣ ಕಳೆದುಕೊಂಡರು. ಮೃಗಗಳಿಂದ ದೂರವಿರಿ ಎಂಬ ಕುಲಕರನ ಬುದ್ಧಿವಾದವನ್ನು ಪಾಲಿಸಲು ಕಾಡಂಚಿನ ಮನೆಯವರಿಗೆ ಜಾಗವೆಲ್ಲಿದೆ? ತೋಟಕ್ಕೆ ಬಂದ ಹಂದಿ, ಮಂಗಗಳನ್ನು ಏನು ಮಾಡಬೇಕೆಂದು ಕೃಷಿಕ ಶ್ರಾವಕರೊಬ್ಬರು ಕೇಳಿದರೆ ಉದ್ಯೋಗಿ ಹಿಂಸೆ, ವಿರೋಧಿ ಹಿಂಸೆ, ಸಂಕಲ್ಪಿ ಹಿಂಸೆ ಎಂಬ ವಿಭಾಗವನ್ನು ವಿವರಿಸಿ ನಾವು ಸುಮ್ಮನಾಗುತ್ತೇವೆ. ಆ ವಿಭಾಗಗಳನ್ನು ಆಚಾರ್ಯರು ಮಾಡಿದುದು ಕರ್ಮಭೂಮಿಯ ಗೃಹಸ್ಥನಿಗಾಗಿ, ಅವನ ದಿನನಿತ್ಯದ ಇಕ್ಕಟ್ಟಿಗಾಗಿ. ಅವನ ಬಾಳನ್ನು ಭೋಗಭೂಮಿ ಎಂದು ಕರೆದೊಡನೆ ಅವನ ಪ್ರಶ್ನೆಯೇ ಇಲ್ಲದಂತಾಗುತ್ತದೆ. ಭೋಗಭೂಮಿಯಲ್ಲಿ ಹಂದಿಯು ಗೆಡ್ಡೆ ಕೀಳುವುದಿಲ್ಲವಲ್ಲ!

ಹಾಗಾದರೆ ಊರಿನ ಸೊಬಗನ್ನು ವರ್ಣಿಸಲೇ ಬಾರದೆ ಎಂದು ಕೇಳಬಹುದು. ಧಾರಾಳವಾಗಿ ವರ್ಣಿಸಲಿ. ಕುಮಾರಧಾರೆಯ ದಡದಲ್ಲಿ ಕಾರ್ತಿಕದ ಬೆಳಗನ್ನು ಕಂಡವನು ಮೌನವಾಗಿರಬೇಕೆಂದು ಯಾರೂ ಹೇಳಲಾರರು. ಪಂಪನೂ ತನ್ನ ನಾಡನ್ನು ಮನಸಾರೆ ವರ್ಣಿಸಿದವನೇ. ಶಾಸ್ತ್ರದಿಂದ ಶಬ್ದವನ್ನು ತರುವುದಾದರೆ ಅದರ ಪೂರ್ಣಾರ್ಥವನ್ನು ತರಬೇಕು ಎಂಬುದಷ್ಟೇ ನನ್ನ ವಿನಂತಿ. ‘ಕರ್ಮಭೂಮಿ’ ಎಂದು ಬರೆದರೆ ಊರಿಗೆ ಅಗೌರವವಾಗುವುದಿಲ್ಲ. ತೀರ್ಥಂಕರರು ಹುಟ್ಟಿದುದು ಅಲ್ಲಿಯೇ.

ಟ್ರಸ್ಟುಗಳ ಆಡಳಿತ ಮಂಡಳಿಗಳಿಗೆ ಒಂದು ಸೂಚನೆಯಿದೆ. ಅನೇಕ ಬಸದಿಗಳ ಮರದ ಪೆಟ್ಟಿಗೆಗಳಲ್ಲಿ, ಹಳೆಯ ಮನೆತನಗಳ ಅಟ್ಟಗಳಲ್ಲಿ 1974ಕ್ಕಿಂತ ಹಿಂದಿನ ಗೇಣಿಚೀಟುಗಳೂ ಗೇಣಿಲೆಕ್ಕದ ಪುಸ್ತಕಗಳೂ ಗೆದ್ದಲಿಗೆ ಆಹಾರವಾಗುತ್ತ ಉಳಿದಿವೆ. ಅವುಗಳಲ್ಲಿ ಒಕ್ಕಲುಗಳ ಹೆಸರು, ಅವರು ಮಾಡುತ್ತಿದ್ದ ಗದ್ದೆಯ ಹೆಸರು, ಸಂದಾಯವಾದ ಮುಡಿಗಳ ಸಂಖ್ಯೆ, ಬಾಕಿ ಎಲ್ಲವೂ ಇರುತ್ತವೆ. ಮುಂದಿನ ಸ್ಮರಣಸಂಚಿಕೆಯಲ್ಲಿ ದಾನಿಗಳ ಭಾವಚಿತ್ರಗಳ ಪುಟಗಳ ಬಳಿಕ, ಬಸದಿಯ ಭೂಮಿಯನ್ನು ತಲೆಮಾರುಗಳಿಂದ ಉತ್ತು ನೈವೇದ್ಯದ ಅಕ್ಕಿಯನ್ನು ಬೆಳೆದ ಆ ಮನೆತನಗಳ ಪಟ್ಟಿಯನ್ನು, ಅವರ ಇಂದಿನ ಪೀಳಿಗೆಯವರ ಒಪ್ಪಿಗೆ ಪಡೆದು, ಅಚ್ಚುಹಾಕಬಹುದು. ಬಾಕಿಯ ಅಂಕಣವನ್ನು ಬಿಡಬಹುದು.